ಕರೆವ್ವನ ಬನಕ್ಕೆ ಬಿದ್ದ ಮೊಳೆ

ಅಂದು ಮುಂಜಾನೆ ಗಾಳಿ ನಿಂತಿತ್ತು.

ಆಷಾಢದಲ್ಲಿ ಬೆಣಚಿಗುಡ್ಡದ ಮೇಲೆ ಗಾಳಿ ನಿಲ್ಲುವುದೆಂದರೆ ಮನೆಯ ಹಿರಿಯರು ಮಾತನ್ನು ನಡುವೆಯೇ ಬಿಟ್ಟು ಸುಮ್ಮನೆ ಕೂತ ಹಾಗೆ. ಯಾಕೆಂದು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಹಗಲೂ ರಾತ್ರಿ ಪಡುವಣದಿಂದ ಬೀಸಿ ಹೆಸರಿನ ಹೊಲಗಳನ್ನು ಮಲಗಿಸುತ್ತಿದ್ದ ಗಾಳಿ, ಬೆಳ್ಳಿ ಮೂಡುವ ಹೊತ್ತಿಗೆ ಒಮ್ಮೆಲೇ ಕೈಬಿಟ್ಟಿತ್ತು. ಮೋಡ ಬೂದಿಯ ಬಣ್ಣಕ್ಕೆ ತಿರುಗಿ ಅಲ್ಲಾಡದೆ ನಿಂತಿತ್ತು. ದೂರದಲ್ಲಿ ನವಿಲುತೀರ್ಥದ ಹಿನ್ನೀರು ಒಂದು ನಿರಿಗೆಯೂ ಇಲ್ಲದೆ ತಗಡಿನಂತೆ ಬಿದ್ದಿತ್ತು.

ಫೌಜದಾರ ಬಸವಣ್ಣೆಪ್ಪ ಗುಡ್ಡದ ದೇವಿ ಕರೆವ್ವನ ಬನದೊಳಗೆ ಒಂದು ಬೇವಿನ ಗಿಡದ ಮುಂದೆ ನಿಂತಿದ್ದ. ಗಿಡದ ಎದೆಮಟ್ಟದಲ್ಲಿ ಎರಡು ಬೆರಳಗಲದ ಅಲ್ಯುಮಿನಿಯಂ ಬಿಲ್ಲೆ. ಬಿಲ್ಲೆಯ ನೆತ್ತಿಗೆ ಹೊಸ ಮೊಳೆ. ಬಿಲ್ಲೆಯ ಮೇಲೆ ಒತ್ತಿದ ಅಂಕಿ ಒಂದು.

ಪಕ್ಕದ ಆಲಕ್ಕೆ ಹೋದ. ಅಲ್ಲಿಯೂ ಬಿಲ್ಲೆ, ಅಂಕಿ ಒಂದು. ಅದರಾಚೆಯ ಬಿಲ್ವಕ್ಕೂ ಒಂದು. ಹುಣಸೆಗೂ ಒಂದು.

ಬನದ ದಪ್ಪ ಗಿಡಗಳೆಲ್ಲ ಒಂದನೆಯ ಗಿಡಗಳಾಗಿದ್ದವು.

ಬನದ ಅಂಚಿನ ಬಂಡೆಯ ಕೆಳಗೆ ನಿನ್ನೆ ಮುಂಜಾನೆ ಅಂದಾನೆಪ್ಪನ ಹೆಣ ಸಿಕ್ಕಿತ್ತು, ತಲೆಯೊಡೆದು ಮೊನ್ನೆ ಸಂಜೆಯೇ ಸತ್ತಿದ್ದ. ಕೊಂದವನು ಇವನೇ ಎಂದು ಜೀಪು ಹೊಡೆಯುವ ಖಾಸಿಮಸಾಬನನ್ನು ಹಿಡಿದು ಠಾಣೆಯಲ್ಲಿ ಕೂರಿಸಿದ್ದರು. ಹಿಡಿದ ಇಪ್ಪತ್ತನಾಲ್ಕು ತಾಸಿನೊಳಗೆ ಸವದತ್ತಿಯ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಂದರೆ ಈ ಹೊತ್ತೇರುವುದರೊಳಗೆ. ಅಲ್ಲಿಂದ ಮುಂದಿನ ದಾರಿ ಬೆಳಗಾವಿಯ ಜೈಲಿಗೆ. ಆ ದಾರಿ ಹಿಡಿದ ಬಡವರು ತಿರುಗಿ ಬರಲು ಎಷ್ಟು ವರ್ಷ ಬೇಕು ಎಂಬುದನ್ನು ಬಸವಣ್ಣೆಪ್ಪ ತನ್ನ ನೌಕರಿಯಲ್ಲಿ ಕಂಡವನು. ಆದರೂ ಅವನೊಳಗೆ ಏನೂ ಮಿಡುಕಲಿಲ್ಲ.

ಅಂದಾನೆಪ್ಪ ಅವನ ಓಣಿಯವನು. ಒಂದೇ ಸಾಲಿ, ಒಂದೇ ಕಣ, ಒಂದೇ ಬಾವಿ. ನಿನ್ನೆ ಹೆಣದ ಮುಖದ ಮೇಲಿನ ಬಟ್ಟೆ ಸರಿಸಿದಾಗ ಕಣ್ಣೀರು ಬರುತ್ತದೆಂದು ಕಾದಿದ್ದ; ಬರಲಿಲ್ಲ. ಇವತ್ತು ನಸುಕಿನಲ್ಲಿ ಪೂಜೆಗೆ ಕೂತಾಗಲೂ ಬಾಯಿ ತಾನೇ ಮಂತ್ರ ಹೇಳಿ ಮುಗಿಸಿತ್ತು, ಮನಸ್ಸು ಹೊರಗೆ ಕಟ್ಟೆಯ ಮೇಲೆ ಕೂತು ನೋಡುತ್ತಿತ್ತು. ಶಿವನು ಕೆಲವೊಮ್ಮೆ ಮನುಷ್ಯನ ಒಳಗಿನ ದೀಪವನ್ನು ತಾನೇ ತಗ್ಗಿಸಿ ಇಡುತ್ತಾನೆ. ಎಣ್ಣೆ ಮುಗಿದಿದೆಯೋ, ಉಳಿಸುತ್ತಿದ್ದಾನೋ, ತಿಳಿಯುವುದಿಲ್ಲ.

"ಇವನ್ನೆಲ್ಲಾ ಅಂದಾನೆಪ್ಪ ಬಡದಿರಬೇಕ್ರಿ ಸಾಹೇಬ್ರ," ಎಂದ ಹಿಂದೆ ನಿಂತ ಪೇದೆ ದುರ್ಗಪ್ಪ. "ಸಾಯೋ ದಿನ ಸಂಜಿಕಿ. ಕರೆವ್ವನ ಗಿಡಕ್ಕ ಕಬ್ಬಿಣ ಬಡದಾನ, ಕರೆವ್ವ ನೂಕ್ಯಾಳ. ಇದರಾಗ ನಾವು ನೀವು ಹುಡುಕೂದು ಏನೈತ್ರಿ?"

"ಹಂಗಾದ್ರ ಖಾಸಿಮಸಾಬನ್ನ ಯಾಕ ಕೂಡ್ರಿಸೇವಿ?"

"ಕೇಸಿನ ಕಾಗದದಾಗ ಕರೆವ್ವನ ಹೆಸರು ಬರಿಯಾಕ ಬರೂದಿಲ್ಲಲ್ರಿ."

ದುರ್ಗಪ್ಪ ಬೈಲಹೊಂಗಲದ ಪೇಟೆಯಲ್ಲಿ ಬೆಳೆದವನು, ಮಾತಿನ ಚುರುಕು ಅಲ್ಲಿಯದು. ಬಸವಣ್ಣೆಪ್ಪ ನಗಲಿಲ್ಲ. ನಿನ್ನೆಯ ಪಂಚನಾಮೆಯಲ್ಲಿ ಗಿಡಗಳ ಮಾತೇ ಇರಲಿಲ್ಲ. ಹೆಣ, ಬಂಡೆ, ರಕ್ತ, ಮುರಿದ ಚಪ್ಪಲಿ, ಇಷ್ಟೇ. ಬರೆಸಿದವನು ಅವನೇ. ಬನದೊಳಗೆ ಬಂದು ಕೂತು ನೀರು ಕುಡಿದದ್ದೂ ನೆನಪಿದೆ. ಗಿಡಗಳಿಗೆ ಬಿಲ್ಲೆ ಇತ್ತೋ ಇಲ್ಲವೋ, ದೇವರಾಣೆಗೂ ನೆನಪಿಲ್ಲ.

ಈ ಬಿಲ್ಲೆಗಳ ಕತೆ ಊರಿಗೆಲ್ಲ ಗೊತ್ತಿತ್ತು. ಮುಂಬಯಿಯ ಒಂದು ಉಕ್ಕಿನ ಕಂಪನಿಯವರು ತಮ್ಮ ಚಿಮಣಿಗಳು ಬಿಟ್ಟ ಹೊಗೆಗೆ ಬದಲಾಗಿ ಎಲ್ಲಿಯಾದರೂ ಕಾಡು ಉಳಿಸಿದ್ದೇವೆಂದು ತೋರಿಸಬೇಕಾಗಿತ್ತು. ಹಾಗೆಂದು ಬೆಣಚಿಗುಡ್ಡವನ್ನು ಕಡಿಯದಂತೆ ಕಾಯಿಸಿದರು. ಗಿಡ ಹೊಗೆಯನ್ನು ಹೀರಿ ಮೈಯಲ್ಲಿ ಇಂಗಾಲ ಮಾಡಿ ಇಟ್ಟುಕೊಳ್ಳುತ್ತದಂತೆ. ಎದೆಮಟ್ಟದಲ್ಲಿ ಸುತ್ತಳತೆ ಹಿಡಿದರೆ ಗಿಡದ ತೂಕ, ತೂಕದಿಂದ ಇಂಗಾಲ. ಗುಡ್ಡದ ಮೇಲೆ ಅಲ್ಲಲ್ಲಿ ಚೌಕ ಕಟ್ಟಿ, ಚೌಕದೊಳಗಿನ ಗಿಡಗಳಿಗೆ ಅಂಕಿ ಬಡಿದು, ವರ್ಷ ವರ್ಷ ಅಳೆದರೆ ಎಷ್ಟು ಹೆಚ್ಚಿತೆಂದು ತಿಳಿಯುತ್ತದೆ. ಊರವರು ಇದನ್ನೆಲ್ಲ ಸಣ್ಣದು ಮಾಡಿ, "ಹೊಗಿ ಅಳಿಯಾವ್ರು" ಎಂದು ಹೆಸರಿಟ್ಟಿದ್ದರು. ಟೇಪು ಹಿಡಿಯುವವನು ಅಂದಾನೆಪ್ಪ, ಅವನನ್ನು ಜೀಪಿನಲ್ಲಿ ಕರೆದೊಯ್ಯುವವನು ಖಾಸಿಮಸಾಬ. ನಾಳೆ ದಿಲ್ಲಿಯಿಂದ ಪರೀಕ್ಷೆ ಮಾಡುವವರು ಬರುವವರಿದ್ದರು.

ಆದರೆ ಕರೆವ್ವನ ಬನ ಆ ಲೆಕ್ಕದಿಂದ ಹೊರಗೆ. ಅಲ್ಲಿ ಟೇಪು ಸುತ್ತಿದವರಿಲ್ಲ, ಮೊಳೆ ಬಡಿದವರಿಲ್ಲ. ದೇವರದ್ದನ್ನು ಅಳೆಯಬಾರದು.

ಬಸವಣ್ಣೆಪ್ಪ ಬೇವಿನ ಬುಡದಲ್ಲಿ ಮೊಣಕಾಲೂರಿದ. ಬುಡಕ್ಕೆ ತಾಗಿಕೊಂಡು ಒಂದು ಚಪ್ಪಟೆ ನಾಗರಕಲ್ಲು ಮಲಗಿತ್ತು. ಅದರ ಮೇಲೆ ತೊಗಟೆಯ ಪುಡಿ. ಮೊಳೆ ಹೊಕ್ಕಾಗ ಸಿಡಿದದ್ದು, ಕೆಂಪಗೆ, ಹಗುರಾಗಿ, ಯಾರೋ ಚಿಟಿಕೆಯಲ್ಲಿ ಹಿಡಿದು ಉದುರಿಸಿದ ಹಾಗೆ. ಬಾಗಿ ಮೆಲ್ಲಗೆ ಊದಿದ. ಅರ್ಧ ಪುಡಿ ಹಾರಿಹೋಯಿತು.

ಉಳಿದರ್ಧವನ್ನು ನೋಡುತ್ತ ಬಹಳ ಹೊತ್ತು ಕೂತ.

ನಿನ್ನೆ ಹಗಲೆಲ್ಲ ಗಾಳಿ. ರಾತ್ರಿಯೂ ಗಾಳಿ, ಅವನ ಕ್ವಾರ್ಟರ್ಸಿನ ತಗಡು ಬಡಿದುಕೊಳ್ಳುತ್ತಲೇ ಇತ್ತು, ನಿದ್ದೆ ಬಾರದೆ ಅದನ್ನೇ ಕೇಳುತ್ತ ಮಲಗಿದ್ದ. ಬೆಳ್ಳಿ ಮೂಡುವಾಗ ತಗಡು ಸುಮ್ಮನಾಯಿತು. ಅದಕ್ಕೂ ಮೊದಲು ಮೊಳೆ ಬಿದ್ದಿದ್ದರೆ ಈ ಪುಡಿ ಈ ಹೊತ್ತಿಗೆ ರಾಮದುರ್ಗದ ದಾರಿಯಲ್ಲಿರುತ್ತಿತ್ತು. ಬಿದ್ದದ್ದು ಗಾಳಿ ನಿಂತ ಮೇಲೆ, ಬೆಳಕು ಹರಿಯುವ ಮುನ್ನ. ಆಗ ಅಂದಾನೆಪ್ಪ ಮಣ್ಣಿನೊಳಗಿದ್ದ. ಖಾಸಿಮಸಾಬ ಕಂಬಿಯೊಳಗಿದ್ದ.

ದುರ್ಗಪ್ಪನಿಗೆ ಅದನ್ನು ಹೇಳಿದ. ದುರ್ಗಪ್ಪ ಬಾಗಿ ಪುಡಿಯನ್ನು ನೋಡಿ, ಇರಬಹುದೆಂದ. ಯಾರೋ ಕಂಪನಿಯವರು ಬಡಿದಿರಬೇಕು, ಅದಕ್ಕೂ ಕೊಲೆಗೂ ಏನು ಸಂಬಂಧ ಎಂದೂ ಕೇಳಿದ.

ಸಂಬಂಧ ಇತ್ತು. ಆದರೆ ಅದನ್ನು ತಿಳಿಯಲು ಕಣದಲ್ಲಿ ನಿಂತು ರಾಶಿ ಅಳೆದಿರಬೇಕು.

ಈ ಸೀಮೆಯಲ್ಲಿ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ. ಅದಾದ ಮೇಲೆ ಎರಡು, ಮೂರು, ನಾಲ್ಕು. ಮೊದಲನೆಯದು ಕೊಟ್ಟವನ ಹೆಸರಿನದು. ಅದಕ್ಕೆ ಅಂಕಿ ಹಾಕಿದರೆ ರಾಶಿ ಏಳಿಗೆ ಕಾಣುವುದಿಲ್ಲ. ಅಂದಾನೆಪ್ಪ ಕಣ ಬಿಟ್ಟು ಗುಡ್ಡ ಹತ್ತಿದರೂ ಆ ರೂಢಿ ಬಿಟ್ಟಿರಲಿಲ್ಲ. ಪ್ರತಿಯೊಂದು ಚೌಕದಲ್ಲೂ ಮೊದಲ ಗಿಡಕ್ಕೆ ಟೇಪು ಸುತ್ತಿ, ಅಳತೆ ಕೂಗಿ, ಲಾಭ ಎಂದು ಕೈಮುಗಿದು ಮುಂದೆ ನಡೆಯುತ್ತಿದ್ದ. ಅದಕ್ಕೆ ಬಿಲ್ಲೆ ಇಲ್ಲ. ಬಿಲ್ಲೆ ಶುರುವಾಗುವುದು ಎರಡರಿಂದ. ಒಂದರ ಬಿಲ್ಲೆಯನ್ನು ಹೆಗಲ ಚೀಲಕ್ಕೆ ಇಳಿಸುತ್ತಿದ್ದ. ಹೋದ ತಿಂಗಳು ಉಗರಗೋಳದಲ್ಲಿ ಸಿಕ್ಕಾಗ ಅವನೇ ಚೀಲ ಅಲ್ಲಾಡಿಸಿ ಗಿಲಗಿಲ ಸಪ್ಪಳ ಮಾಡಿ, "ಇವೆಲ್ಲಾ ದೇವರ ಪಾಲು ನೋಡೋ ಬಸು," ಎಂದು ನಕ್ಕಿದ್ದ.

ಆ ಚೀಲ ಅವನ ಹೆಣದ ಬಳಿ ಇರಲಿಲ್ಲ.

ಕೆಳಗಿನ ಕಾಲುದಾರಿಯಲ್ಲಿ ಹೆಜ್ಜೆ ಸಪ್ಪಳವಾಯಿತು. ಬಂದವನು ಮಧು, ಅಳತೆಯ ಕೆಲಸದ ಮೇಲಿನ ಅಧಿಕಾರಿ. ಗದಗದ ಕಡೆಯ ಹುಡುಗ, ಅರಣ್ಯಶಾಸ್ತ್ರ ಓದಿದವನು. ನಾಳೆಯ ಪರೀಕ್ಷೆಗೆಂದು ಬೆಳಿಗ್ಗೆಯೇ ಮುನವಳ್ಳಿಯಿಂದ ಮೋಟಾರ್‌ಸೈಕಲ್ ಹತ್ತಿ ಬಂದಿದ್ದ. ಗಡ್ಡ ಬೋಳಿಸಿರಲಿಲ್ಲ. ಪೊಲೀಸರನ್ನು ಕಂಡು ನಿಂತ. ಆಮೇಲೆ ಗಿಡಗಳನ್ನು ಕಂಡ.

ಬಸವಣ್ಣೆಪ್ಪ ದನಿ ಎತ್ತಲಿಲ್ಲ. ಬೆಳಗಿನ ಜಾವ ಎಲ್ಲಿದ್ದಿರೆಂದು ಕೇಳಿದ. ಲಾಡ್ಜಿನಲ್ಲಿ, ಒಬ್ಬನೇ, ನಾಳೆಯ ಕಾಗದ ತಯಾರು ಮಾಡುತ್ತಿದ್ದೆನೆಂದು ಮಧು ಹೇಳಿದ. ಕಂಡವರು ಯಾರಾದರೂ ಇದ್ದಾರೆಯೇ ಎಂದರೆ ಇಲ್ಲವೆಂದ.

"ಮಧು ಅವ್ರ, ಈ ಬನ ನಿಮ್ಮ ಲೆಕ್ಕಕ್ಕ ಬೇಕಿತ್ತು. ಹೌದೋ ಅಲ್ಲೋ?"

"ಬೇಕಿತ್ತ್ರಿ. ಇಡೀ ಗುಡ್ಡದಾಗಿನ ದಪ್ಪ ಗಿಡ ಇಲ್ಲೇ ಅದಾವ. ಇದೊಂದು ಸೇರಿದ್ರ ಲೆಕ್ಕ ಇಮ್ಮಡಿ ಆಗತಿತ್ತು. ಎಷ್ಟೋ ಸಲ ಕೇಳೇನಿ. ಅಂದಾನೆಪ್ಪ ಒಪ್ಪಲಿಲ್ಲ."

"ಏನಂದ?"

"ಆಕಿ ಉಸರು ಅಳಿಯಾಕ ನಾ ಯಾರು ಅಂದ. ಆಮ್ಯಾಲ ನಾ ಆ ಮಾತು ಬಿಟ್ಟೆ."

"ನೀವು ಬಿಟ್ರಿ. ಅಂವ ಸತ್ತ. ಮಣ್ಣ ಮಾಡಿದ ಮರುದಿನ ಗಿಡಕ್ಕೆಲ್ಲಾ ಬಿಲ್ಲೆ ಬಿದ್ದಾವ."

ಮಧು ಬೇವಿನ ಹತ್ತಿರ ಹೋಗಿ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಆಲದ ಹತ್ತಿರ ಹೋದ. ಬಿಲ್ವದ ಹತ್ತಿರ ಹೋದ. ಹುಣಸೆಯ ಮುಂದೆ ನಿಂತವನು ಅಲ್ಲಿಯೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ದಣಿವೊಂದೇ ಇತ್ತು.

"ಸಾಹೇಬ್ರ, ನಾ ಬಡದಿದ್ರ ಎಲ್ಲಾ ಗಿಡಕ್ಕೂ ಒಂದು ಅಂತ ಬಡೀತಿದ್ನೇನ್ರಿ? ಅಂಕಿ ಗಿಡದ ಹೆಸರಿದ್ದಂಗ. ಒಂದ ಮನಿಯಾಗ ಎಲ್ಲಾ ಮಕ್ಕಳಿಗೂ ಒಂದ ಹೆಸರು ಇಟ್ಟಂಗ ಆತು. ನಾಳೆ ಬರೋರು ಇದನ್ನ ನೋಡಿದ್ರ ಬನದ ಮಾತು ಹಾಳಾಗಲಿ, ಇಡೀ ಗುಡ್ಡಾನ ಸುಳ್ಳು ಅಂತಾರ. ಕಂಪನಿ ಕೈ ಬಿಡತೈತಿ. ಆಮ್ಯಾಲ ಕಲ್ಲಿನ ಕ್ವಾರಿಯವ್ರು ಬರತಾರ."

"ಕತ್ತಲಾಗ ಅಂಕಿ ಕಂಡಿರಲಿಕ್ಕಿಲ್ಲ."

"ನನಗ ಕಾಣಬೇಕಂತ ಇಲ್ರಿ. ಇವು ಯಾವ ಬಿಲ್ಲೆ ಅಂತ ನನಗ ಗೊತ್ತು. ಒಂದರ ಬಿಲ್ಲೆ ಯಾಕ ಉಳಸತಿ ಅಂತ ಅಂದಾನೆಪ್ಪನ ಎರಡು ಸಲ ಬೈದೇನಿ. ಲಾಭ ಅಂದ. ನಕ್ಕು ಬಿಟ್ಟೆ, ನಮ್ಮಪ್ಪನೂ ರಾಶಿ ಅಳೀವಾಗ ಹಂಗ ಅಂತಿದ್ದ." ಮಧು ತಲೆ ಎತ್ತಿದ. "ಇವು ಅವನ ಚೀಲದಾಗಿನವು. ಅವನ ಚೀಲ ಯಾರ ಕೈಯಾಗ ಐತೋ ಅಂವ ಇದನ್ನ ಮಾಡ್ಯಾನ. ಆದ್ರ ಅಂವ ಒಂದು ದಿನಾನೂ ನಮ್ಮ ಕೂಡ ಗುಡ್ಡ ಹತ್ತಿದಾಂವ ಅಲ್ಲ. ಹತ್ತಿದ್ರ ಈ ಬಿಲ್ಲೆ ಏನಂತ ಗೊತ್ತಿರ್ತಿತ್ತು."

ಬಸವಣ್ಣೆಪ್ಪ ಆ ಮಾತನ್ನು ಒಳಗೆ ತಿರುವಿ ನೋಡಿದ. ಬಿರುಕು ಸಿಗಲಿಲ್ಲ. ಮಧುವಿಗೆ ಬನ ಬೇಕಾಗಿತ್ತು, ಆದರೆ ಹೀಗಲ್ಲ. ಇದನ್ನು ಮಾಡಿದವನಿಗೆ ಬನವೂ ಬೇಕಾಗಿರಲಿಲ್ಲ, ಅಳತೆಯೂ ಬೇಕಾಗಿರಲಿಲ್ಲ. ಅಂದಾನೆಪ್ಪ ಸಾಯುವ ಸಂಜೆ ದೇವರ ಗಿಡಕ್ಕೆ ಮೊಳೆ ಬಡಿಯುತ್ತಿದ್ದ, ಊರಿನ ಸಿಟ್ಟೋ ಕರೆವ್ವನ ಸಿಟ್ಟೋ ಅವನನ್ನು ನೂಕಿತು ಎಂದು ಜನ ಆಡಿಕೊಳ್ಳಬೇಕಾಗಿತ್ತು, ಅಷ್ಟೇ. ಬನದಲ್ಲಿ ಎಂದೂ ಮೊಳೆ ಬಡಿಯದವನ ಹೆಸರಿಗೆ ಮೊಳೆಗಳನ್ನು ಹಚ್ಚಿದ್ದರು. ಕೊಂದವನು ಸತ್ತವನ ಪುಣ್ಯವನ್ನೂ ತೆಗೆಯಲು ನಸುಕಿನಲ್ಲಿ ಇಷ್ಟು ದೂರ ನಡೆದು ಬಂದಿದ್ದ.

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಮರಗಟ್ಟಿದ ಕೈಗೆ ಸೂಜಿ ಚುಚ್ಚಿದ ಹಾಗೆ, ಚುಚ್ಚಿದ್ದು ಕಾಣುತ್ತಿತ್ತು.

ಬನದಿಂದ ಕದಲಬೇಡಿರೆಂದು ಮಧುವಿಗೆ ಹೇಳಿ, ಬಿಲ್ಲೆಗಳನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಲು ಊರಿನ ಇಬ್ಬರನ್ನು ಕರೆಸಿ ನಿಲ್ಲಿಸಿ, ಅವನು ಗುಡ್ಡ ಇಳಿದ. ದುರ್ಗಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಠಾಣೆಯಲ್ಲಿ ರಾತ್ರಿ ಪಹರೆ ಅವನದೇ ಇತ್ತು. ನಿದ್ದೆಗೆಟ್ಟವನು ಎಂದು ಬಸವಣ್ಣೆಪ್ಪನೂ ಮಾತಾಡಿಸಲಿಲ್ಲ.

ಠಾಣೆಯ ಕಟ್ಟೆಯ ಮೇಲೆ ಖಾಸಿಮಸಾಬನ ಹೆಂಡತಿ ಮಾಸುಮಬಿ ನಿನ್ನೆ ಕೂತಲ್ಲಿಯೇ ಕೂತಿದ್ದಳು. ಮಗ್ಗುಲಲ್ಲಿ ರೊಟ್ಟಿಯ ಗಂಟು. ಬಿಚ್ಚಿರಲಿಲ್ಲ. ಅವಳು ಎದ್ದು ನಿಂತಳು. ಅತ್ತು ಮುಗಿಸಿದವಳ ಕಣ್ಣು ಅವು.

"ನಮ್ಮನಿಯವರಿಗೆ ಚೇಷ್ಟಿ ಮಾಡೂದು ಬಿಟ್ರ ಬ್ಯಾರೆ ಏನೂ ಬರೂದಿಲ್ರಿ ಸಾಹೇಬ್ರ," ಎಂದಳು. "ಚೇಷ್ಟಿಗೆ ಜೈಲು ಐತೇನ್ರಿ?"

ಅವಳು ಹೇಳಿದ್ದು ಉಗರಗೋಳದ ಚಹಾದಂಗಡಿಯ ಮಾತು. ಸಾಯುವ ದಿನ ಮಧ್ಯಾಹ್ನ ಹತ್ತು ಜನರ ಮುಂದೆ ಖಾಸಿಮಸಾಬ ಅಂದಾನೆಪ್ಪನಿಗೆ, ಇವತ್ತು ನಿನ್ನನ್ನು ಗುಡ್ಡದ ಮೇಲೆಯೇ ಬಿಟ್ಟು ಬರುತ್ತೇನೆ, ತೋಳ ತಿಂದರೆ ತಿನ್ನಲಿ ಎಂದಿದ್ದ. ದಿನಕ್ಕೊಮ್ಮೆ ಆಡುವ ಮಾತು. ಆ ಸಂಜೆ ಮಾತ್ರ ಅಂದಾನೆಪ್ಪನೇ, ನನಗೆ ಇನ್ನೂ ಕೆಲಸವಿದೆ, ನಡೆದು ಬರುತ್ತೇನೆ, ನೀನು ಹೋಗು ಎಂದನಂತೆ. ಇವನು ಬಿಟ್ಟು ಬಂದ. ಚೇಷ್ಟೆ ನಿಜವಾಯಿತು, ನಿಜ ಸಾಕ್ಷಿಯಾಯಿತು.

ಬಸವಣ್ಣೆಪ್ಪ ಒಳಗೆ ಹೋದ. ಫೋನು ಆಗಲೇ ಬಡಿದುಕೊಳ್ಳುತ್ತಿತ್ತು. ಮೇಲಿನ ಸಾಹೇಬರು. ಆರೋಪಿಯನ್ನು ಇನ್ನೂ ಯಾಕೆ ಹೊರಡಿಸಿಲ್ಲವೆಂದು ಕೇಳಿದರು. ಹೊರಡಿಸುವುದಿಲ್ಲವೆಂದ. ಗಾಳಿ, ತೊಗಟೆಯ ಪುಡಿ, ಒಂದರ ಬಿಲ್ಲೆ, ಕಳೆದ ಚೀಲ, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಸಾಲಾಗಿ ಹೇಳಿದ. ಅತ್ತ ಕಡೆಯಿಂದ, ಗಾಳಿಯನ್ನು ಕಟಕಟೆಯಲ್ಲಿ ನಿಲ್ಲಿಸಲು ಬರುತ್ತದೆಯೇ ಎಂದು ನಗೆ ಬಂತು. ಬಿಡುವುದಾದರೆ ನಿನ್ನ ಕುತ್ತಿಗೆಯ ಮೇಲೆ ಬಿಡು, ನನ್ನ ಹೆಸರು ಬರೆಯಬೇಡ ಎಂದು ಫೋನು ಇಟ್ಟರು.

ಅವನು ಬಿಡುಗಡೆಯ ಕಾಗದವನ್ನು ತನ್ನ ಕುತ್ತಿಗೆಯ ಮೇಲೆಯೇ ಬರೆದ. ಒಂದು ಅಕ್ಷರವನ್ನೂ ಹೊಡೆಯದೆ ಮುಗಿಸಿ ಸಹಿ ಹಾಕಿದ. ಇದೂ ಶಿವನ ಕೃಪೆಯೇ ಇರಬಹುದೆಂದುಕೊಂಡ. ಹೆದರಿಕೆಯೂ ಉಳಿದಿಲ್ಲದವನಿಗೆ ಸರಿಯಾದ ಕೆಲಸ ಸುಲಭವಾಗುತ್ತದೆ.

ಖಾಸಿಮಸಾಬನನ್ನು ತಂದು ನಿಲ್ಲಿಸಿದರು. ಐವತ್ತು ದಾಟಿದ, ಬಿಳಿ ಗಡ್ಡದ, ತೆಳ್ಳಗಿನ ಮನುಷ್ಯ. ಒಂದೇ ರಾತ್ರಿಯಲ್ಲಿ ಬಟ್ಟೆ ಅವನಿಗೆ ದೊಡ್ಡದಾದ ಹಾಗೆ ಕಂಡಿತು.

"ಮನಿಗೆ ಹೋಗು," ಎಂದ ಬಸವಣ್ಣೆಪ್ಪ. "ಊರು ಬಿಡಬ್ಯಾಡ. ಕರದಾಗ ಬರಬೇಕು."

ಖಾಸಿಮಸಾಬ ತಲೆಯಾಡಿಸಿದ. ಖುಷಿಯೂ ಇಲ್ಲ, ಕೃತಜ್ಞತೆಯೂ ಇಲ್ಲ. "ರಾತ್ರಿ ಗಾಳಿ ನಿಂತ ಮ್ಯಾಲ ನೀರು ಕೇಳಿದ್ನಿರಿ," ಎಂದ ಸುಮ್ಮನೆ, ದೂರು ಅನಿಸದ ಹಾಗೆ. "ಬಾಳೊತ್ತು ಕೇಳಿದೆ. ಯಾರೂ ಓ ಅನ್ನಲಿಲ್ಲ."

ಹಿಡಿದವರ ಮೈಮೇಲಿನ ಸಾಮಾನನ್ನು ಬಟ್ಟೆಯಲ್ಲಿ ಕಟ್ಟಿ, ಅರಗು ಒತ್ತಿ ಇಡುವುದು ಠಾಣೆಯ ರೀತಿ. ಬಿಡುವಾಗ ಅವರ ಕಣ್ಣೆದುರೇ ಒಡೆದು ಕೊಡಬೇಕು. ಬಸವಣ್ಣೆಪ್ಪ ಕಪಾಟಿನಿಂದ ಗಂಟನ್ನು ತಾನೇ ತಂದ. ಅರಗು ಒಡೆದಿರಲಿಲ್ಲ. ಮೇಲಿನ ಚೀಟಿಯಲ್ಲಿ ದುರ್ಗಪ್ಪನ ಅಕ್ಷರ, ಕೆಳಗೆ ಬಸವಣ್ಣೆಪ್ಪನ ಸಹಿ. ನಿನ್ನೆ ದುರ್ಗಪ್ಪ ಗಂಟು ಕಟ್ಟಿ, ಅರಗು ಒತ್ತಿ ಮುಂದೆ ಹಿಡಿದಾಗ ಹಾಕಿದ್ದ. ಗಂಟಿನೊಳಗೆ ಏನಿದೆ ಎಂದು ನೋಡಿದ್ದು ನೆನಪಿಲ್ಲ.

ಅರಗು ಒಡೆದು ಬಟ್ಟೆ ಬಿಚ್ಚಿದ.

ಖಾಸಿಮಸಾಬ ಒಂದೊಂದಾಗಿ ತೆಗೆದುಕೊಂಡ. ಟೋಪಿ. ಜಪದ ಮಣಿ. ಜೀಪಿನ ಕೀಲಿ. ಅಡಕೆಯ ಚೀಲ. ಆಮೇಲೆ ಅವನ ಕೈ ನಿಂತಿತು.

ಬಟ್ಟೆಯ ಮಡಿಕೆಯಲ್ಲಿ ಇನ್ನೊಂದು ಉಳಿದಿತ್ತು. ಹರಿದ ಶಿವದಾರ, ಅದರ ತುದಿಗೆ ಮೋತಿಯಂತೆ ಗುಂಡಗಿನ, ಮುಚ್ಚಳ ಒಂದು ಕಡೆ ತಗ್ಗಾದ, ಲಿಂಗವಿಡುವ ಬೆಳ್ಳಿಯ ಕರಡಿಗೆ.

ಆ ತಗ್ಗನ್ನು ಬಸವಣ್ಣೆಪ್ಪ ಬಲ್ಲ. ಚಿಕ್ಕವರಿದ್ದಾಗ ಬಾವಿಯ ಮೆಟ್ಟಿಲ ಮೇಲೆ ಬಿದ್ದು ಆದದ್ದು. ನಿನ್ನೆ ಸಂಜೆ ಸಮಾಧಿ ಮಾಡುವ ಹೊತ್ತಿಗೆ ಅಂದಾನೆಪ್ಪನ ಕೊರಳಲ್ಲಿ ಲಿಂಗ ಇರಲಿಲ್ಲ. ಬಿದ್ದಾಗ ಎಲ್ಲೋ ಹೋಗಿರಬೇಕೆಂದು ಅಯ್ಯನವರು ಬೇರೊಂದನ್ನು ಅವನ ಅಂಗೈಯಲ್ಲಿ ಇಟ್ಟು ಮಣ್ಣು ಮಾಡಿಸಿದ್ದರು. ಅವನ ಹೆಂಡತಿ ತಂಗೆವ್ವ ಸಮಾಧಿಯ ಅಂಚಿನಲ್ಲಿ ಕೂತು ಅದೊಂದನ್ನೇ ಕೇಳಿದ್ದಳು: ಅವರದು ಎಲ್ಲಿ?

ಹೊರಗೆ ಕಟ್ಟೆಯ ಮೇಲೆ ದುರ್ಗಪ್ಪ ಮಾಸುಮಬಿಗೆ ಏನನ್ನೋ ಹೇಳುತ್ತಿದ್ದ. ಮೆತ್ತಗಿನ ದನಿ. ನಿನ್ನ ಗಂಡ ಈಗ ಬರುತ್ತಾನೆ, ಅಳಬೇಡ ಎನ್ನುತ್ತಿರಬೇಕು.

ಖಾಸಿಮಸಾಬ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಅಂಗೈಗೆ ಸುತ್ತಿಕೊಂಡ. ಬರಿಗೈಯಿಂದ ಮುಟ್ಟದೆ ಕರಡಿಗೆಯನ್ನು ಎತ್ತಿದ, ದಾರದ ತುದಿ ನೆಲಕ್ಕೆ ತಾಗದಂತೆ ಇನ್ನೊಂದು ಕೈ ಕೆಳಗೆ ಹಿಡಿದ.

"ಇದು ನನ್ನದಲ್ರಿ, ನನ್ನ ಕಿಸೇದಾಗ ಇದ್ದದ್ದೂ ಅಲ್ಲ," ಎಂದ ತಗ್ಗಿದ ದನಿಯಲ್ಲಿ. "ತಂಗೆವ್ವಕ್ಕಗ ಸೇರಬೇಕಾದ್ದು."

ಬಸವಣ್ಣೆಪ್ಪ ಎಡಗೈ ಚಾಚಿದ. ಖಾಸಿಮಸಾಬ ಅದನ್ನು ಸಪ್ಪಳವಿಲ್ಲದೆ ಅವನ ಅಂಗೈಯೊಳಗೆ ಇಳಿಸಿದ.